ಮಾವನ ಗಾಳಿ ಲೆಕ್ಕ

ನಮ್ಮ ಸೋದರಮಾವನ ಕೈಗೆ ಸಿಕ್ಕರೆ ದಾವಣಗೆರೆಯ ಗಾಳಿಗೂ ಬಿಡುಗಡೆಯಿಲ್ಲ! ಬೇರೆಯವರ ಮಾವಂದಿರು ಬಂದರೆ ಬಾಳೆಹಣ್ಣು ತರುತ್ತಾರೆ, ಕ್ಷೇಮ ವಿಚಾರಿಸುತ್ತಾರೆ. ನಮ್ಮ ಮಾವ ಚಪ್ಪಲಿ ಬಿಡುವ ಮೊದಲೇ, "ಗಾಳಿಯ ಸರಾಸರಿ ಮೋಲಾರ್ ರಾಶಿ ಎಷ್ಟವ್ವಾ?" ಎನ್ನುತ್ತಿದ್ದರು. ಆ ಪ್ರಶ್ನೆಗೆ ಹೆದರಿ ನಾನು ಎಷ್ಟು ಸಲ ಬಚ್ಚಲಮನೆ ಸೇರಿದ್ದೇನೋ!

ತೊಂಬತ್ತರ ದಶಕದ ಕೊನೆಯ ಮಾತು. ಎರಡನೇ ಪಿಯುಸಿಯ ಕೆಮಿಸ್ಟ್ರಿಯಲ್ಲಿ ನಾನು ಡುಮ್ಕಿ ಹೊಡೆದಿದ್ದೆ. ಅಕ್ಟೋಬರಿನ ಸಪ್ಲಿಮೆಂಟರಿಯಲ್ಲೂ ಹೋದರೆ ಓದು ಸಾಕು, ಮನೆಯಲ್ಲಿರು ಎಂದು ಅಪ್ಪ ಹೇಳಿಯಾಗಿತ್ತು. ನನಗೋ ಓದುವ ಆಸೆ, ತಲೆಗೆ ಮಾತ್ರ ಹತ್ತದು. ಹರಿಹರದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅನಿಲಗಳನ್ನು ಪರೀಕ್ಷಿಸುತ್ತಿದ್ದ ಮಾವ, ನನ್ನನ್ನು ದಡ ಹತ್ತಿಸುವ ಪಣ ತೊಟ್ಟರು. ಪಾಳಿ ಮುಗಿಸಿ ದಿನವೂ ಬಸ್ಸು ಹತ್ತಿ ವಿದ್ಯಾನಗರದ ನಮ್ಮ ಮನೆಗೆ ಹಾಜರಾಗುತ್ತಿದ್ದರು.

ನನ್ನ ರೋಗ ಒಂದೇ. ನೈಟ್ರೋಜನ್ನಿನ ಮೋಲಾರ್ ರಾಶಿ, ಅಂದರೆ ಅದರ ಕಣಗಳ ಲೆಕ್ಕದ ತೂಕ, ಇಪ್ಪತ್ತೆಂಟು; ಆಕ್ಸಿಜನ್ನಿನದು ಮೂವತ್ತೆರಡು. ಕೂಡಿಸು, ಅರ್ಧ ಮಾಡು, ಮೂವತ್ತು! ಮಾವ ಹಣೆ ಚಚ್ಚಿಕೊಳ್ಳುತ್ತಿದ್ದರು. "ಗಾಳಿಯಾಗೆ ಹತ್ತಕ್ಕೆ ಎಂಟು ಪಾಲು ನೈಟ್ರೋಜನ್, ಎರಡು ಪಾಲು ಆಕ್ಸಿಜನ್ ಐತೆ. ಸಮಪಾಲು ಹೆಂಗೆ ಹಾಕ್ತಿ? ಅವರವರ ಪಾಲಿನಿಂದ ಗುಣಿಸಿ ಆಮ್ಯಾಲೆ ಕೂಡಿಸು!" ಕೊನೆಗೆ ಇಪ್ಪತ್ತೆಂಟು ಪಾಯಿಂಟ್ ಎಂಟು ಎಂದು ಅವರೇ ಹೇಳುತ್ತಿದ್ದರು. ಮರುದಿನ ನಾನು ಮತ್ತೆ ಮೂವತ್ತು ಎನ್ನುತ್ತಿದ್ದೆ.

ಒಮ್ಮೆ ಮಾವನ ಜೊತೆ ಹರಿಹರದಿಂದ ಬರುವಾಗ ತುಂಬಿದ ಬಸ್ಸಿನಲ್ಲೇ ಪಾಠ ಶುರುವಾಯಿತು. "ಇಲ್ಲಿ ಸಣಕಲು ಹುಡುಗ್ರು ನಲವತ್ತು ಮಂದಿ, ದಪ್ಪನ ಸಾಹುಕಾರ್ರು ಒಬ್ರು. ಒಬ್ಬ ಹುಡುಗನ್ನ, ಅವರನ್ನ ಕೂಡಿಸಿ ಅರ್ಧ ಮಾಡಿದ್ರೆ ಬಸ್ಸಿನ ಸರಾಸರಿ ಆಗ್ತತೇನು?"

ಮುಂದಿನ ಸೀಟಿನ ಸಾಹುಕಾರರು ತಿರುಗಿದರು. "ಟಿಕೆಟ್ ತಗಂಡೀನ್ರಿ. ನನ್ನ ತೂಕ ನಿಮಗ್ಯಾಕ?" ನಾನು ಸೀಟಿನ ಕೆಳಗೆ ತೂರುವುದೊಂದು ಬಾಕಿಯಿತ್ತು!

ಪಿ.ಜೆ. ಬಡಾವಣೆಯ ಮಂಡಕ್ಕಿ ಅಂಗಡಿಯಲ್ಲಾದರೂ ಸುಮ್ಮನಿದ್ದರೇ? ಖಾರ ಮಂಡಕ್ಕಿಯನ್ನು ಪೇಪರಿನ ಮೇಲೆ ಹರಡಿದರು. "ತೂಕ ಬ್ಯಾಡ, ಕಾಳು ಎಣಿಸು! ನೂರರಾಗೆ ಶೇಂಗಾ ಎಷ್ಟು ಅನ್ನೋದೇ ಅದರ ಪಾಲು." ಎಣಿಸಿ ಎಣಿಸಿ ತೊಂಬತ್ತಕ್ಕೆ ಬರುವಷ್ಟರಲ್ಲಿ ಅಂಗಡಿಯವನು ನೋಡಿ ನೊಂದುಕೊಂಡ. "ಶೇಂಗಾ ಕಡಿಮಿ ಬಿದ್ದೈತೇನ್ರಿ ಸಾರ್?" ಎಂದು ಒಂದು ಹಿಡಿ ಶೇಂಗಾ ಸುರಿದೇಬಿಟ್ಟ. "ಅಯ್ಯೋ, ಮಿಶ್ರಣಾನೇ ಕೆಡಿಸಿಬಿಟ್ಟೆಲ್ಲೋ!" ಎಂದು ಮಾವ ಕೂಗಿದ್ದಕ್ಕೆ ಬೀದಿಯ ಜನ ನಿಂತು ನೋಡಿದರು. ಆ ಹೊತ್ತಿಗೆ ನನ್ನ ಎಣಿಕೆಯೂ ತಪ್ಪಿತ್ತು.

ದಿನಗಳು ಕರಗಿದವು, ನನ್ನ ಮೂವತ್ತು ಕರಗಲಿಲ್ಲ. ನನ್ನ ಕಥೆ ಮುಗಿಯಿತು ಎಂದೇ ಅಂದುಕೊಂಡಿದ್ದೆ.

ಪರೀಕ್ಷೆಯ ಹಿಂದಿನ ದಿನ ಮಾವನಿಗೆ ಉಬ್ಬಸ ಜೋರಾಗಿ ಆಸ್ಪತ್ರೆ ಸೇರಿದರು. ಓಡಿಹೋದೆ. ಮುಖಕ್ಕೆ ಮಾಸ್ಕು ಹಾಕಿದ್ದರು. ಉಸಿರು ಸಿಕ್ಕ ಕೂಡಲೇ ಇದರಲ್ಲಿ ಆಕ್ಸಿಜನ್ ಎಷ್ಟು ಎಂದು ನರ್ಸನ್ನು ಪೀಡಿಸಿ, ನೂರಕ್ಕೆ ನಲವತ್ತು ಎಂದು ಹೇಳಿಸಿಕೊಂಡಿದ್ದರಂತೆ! ನನ್ನನ್ನು ಕಂಡವರೇ ಮಾಸ್ಕು ಸರಿಸಿದರು.

"ನಲವತ್ತು ಆಕ್ಸಿಜನ್. ಉಳಿದದ್ದು ನೈಟ್ರೋಜನ್ ಅನ್ಕೋ. ಎಷ್ಟು?"

ಅವರ ತುಟಿ ನೀಲಿಗಟ್ಟಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ ಅಂಕಿ. "ಮೂವತ್ತು."

ಹಣೆ ಚಚ್ಚಿಕೊಳ್ಳುತ್ತಾರೆಂದು ಕಾದೆ. "ಸರಿ ಐತೆ. ನಾಳೆ ಧೈರ್ಯವಾಗಿ ಬರಿ, ಹೋಗು," ಎಂದರು.

ಮೆಟ್ಟಿಲಿಳಿಯುವಾಗ ತಲೆ ತಾನಾಗಿಯೇ ಗುಣಿಸತೊಡಗಿತು. ನೂರಕ್ಕೆ ನಲವತ್ತು ಆಕ್ಸಿಜನ್ನಿಗೆ ಹನ್ನೆರಡು ಪಾಯಿಂಟ್ ಎಂಟು, ಅರವತ್ತು ನೈಟ್ರೋಜನ್ನಿಗೆ ಹದಿನಾರು ಪಾಯಿಂಟ್ ಎಂಟು. ತಿರುಗಿ ಓಡಿದೆ.

"ಮಾವ, ತಪ್ಪು! ಇಪ್ಪತ್ತೊಂಬತ್ತು ಪಾಯಿಂಟ್ ಆರು! ಸರಿ ಅಂತ ಯಾಕ ಅಂದ್ರಿ?"

ಮಾವ ನನ್ನ ಕೈ ಹಿಡಿದುಕೊಂಡರು. "ಗೊತ್ತಿತ್ತವ್ವಾ. ನಾಳೆ ಪರೀಕ್ಷೆ ಐತೆ. ನಿನ್ನ ಅಳಿಸಿ ಕಳಿಸೋಕೆ ಮನಸಾಗ್ಲಿಲ್ಲ."

ಪರೀಕ್ಷೆಯೇನೋ ಪಾಸಾದೆ. ಆದರೆ ಅಂದು ಆ ಮಂಚದ ಪಕ್ಕ ಕೂತು, ಮಾವ ತಡೆಯಲು ನೋಡಿದ ಅಷ್ಟೂ ಅಳುವನ್ನು ಅತ್ತೆ.