ಓಕೆಯ ಮೂಲ ಊರು

ಮಾಮಾನ ಹೊಸ ಟ್ರೇಲರಿನ ಹಿಂದಿನ ಹಲಗೆಯ ಮೇಲೆ ‘ಹಾರ್ನ್’ ಮತ್ತು ‘ಪ್ಲೀಸ್’ ಎಂಬ ಎರಡು ಮಾತುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು. ಕಬ್ಬು ಹೇರುವ ಉಳಿದೆಲ್ಲ ಟ್ರೇಲರುಗಳಲ್ಲಿ ಅಲ್ಲಿ ‘ಓಕೆ’ ಇರುತ್ತದೆ. ಪೇಂಟರ್ ಅದನ್ನು ಬರೆಯಲು ಬ್ರಶ್ ಎತ್ತಿದಾಗ ಮಾಮಾ ತಡೆದಿದ್ದ: “ತಡೀಪಾ, ಮೊದಲ ಇದು ಎಲ್ಲಿಂದ ಬಂದೈತಿ ಗೊತ್ತಾಗ್ಲಿ.”

ಉಗಾರ ಬುದ್ರುಕದ ನನ್ನ ಈ ಸೋದರಮಾವನ ಸಲಹೆಯಿಲ್ಲದೆ ಸುತ್ತಿನ ಊರುಗಳಲ್ಲಿ ಬೀಗತನ ಕುದುರುವುದಿಲ್ಲ. ಮೂಲ ಊರು, ಮನೆದೇವರು, ಊರು ಬಿಟ್ಟು ಬಂದ ಕಾರಣ, ಇಷ್ಟನ್ನು ವಿಚಾರಿಸದೆ ಅವನು ಯಾರಿಗೂ ಹೆಣ್ಣು ಕೊಡಿಸಿದವನಲ್ಲ. ಪದಕ್ಕೂ ಅದೇ ನಿಯಮ. ನಾನು ಆಗಷ್ಟೇ ಇಂಗ್ಲಿಷ್ ಎಂ.ಎ. ಮುಗಿಸಿದ್ದೆ. ಸಂಶೋಧನೆಗೆ ಮತ್ತೆ ಧಾರವಾಡಕ್ಕೆ ಹೋಗಲು ಅವನ ಒಪ್ಪಿಗೆ ಕೇಳಲೆಂದೇ ಅಥಣಿಯಿಂದ ಬಂದಿದ್ದೆ. ಹೆಣ್ಣುಮಗಳ ವಿಷಯದಲ್ಲಿ ಸೋದರಮಾವ ಹೂಂ ಅನ್ನದೆ ನಮ್ಮ ಅಪ್ಪ ಯಾವ ಅರ್ಜಿಗೂ ಸಹಿ ಹಾಕುವುದಿಲ್ಲ.

“ಬಾ ಸುಮಾ, ಶಾಣ್ಯಾಕಿ, ನೀನ ಹೇಳು,” ಎಂದ ಮಾಮಾ.

ಹೇಳಿದೆ. ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ. ಅಮೆರಿಕದ ಪತ್ರಿಕೆಯವರು ‘ಎಲ್ಲ ಸರಿ’ ಎನ್ನುವ ‘ಆಲ್ ಕರೆಕ್ಟ್’ ಅನ್ನು ತಮಾಷೆಗೆ ‘ಓಲ್ ಕೊರೆಕ್ಟ್’ ಎಂದು ತಪ್ಪುತಪ್ಪಾಗಿ ಬರೆದು ಮೊದಲಕ್ಷರಗಳನ್ನು ಉಳಿಸಿಕೊಂಡರು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಅಲ್ಲಿನ ಮೂಲನಿವಾಸಿಗಳ ನುಡಿ ಎನ್ನುವವರಿದ್ದಾರೆ. ಒಬ್ಬ ಅಧ್ಯಕ್ಷರ ಹುಟ್ಟೂರಿನಿಂದ ಬಂತು ಎನ್ನುವವರಿದ್ದಾರೆ. ಗ್ರೀಕರದು, ಸ್ಕಾಟರದು ಎನ್ನುವವರಿಗೂ ಬರವಿಲ್ಲ. ಯಾವುದನ್ನೂ ಖಚಿತವಾಗಿ ಹೇಳದೆ ಇರುವುದು ಧಾರವಾಡದಲ್ಲಿ ಪಾಂಡಿತ್ಯ, ಉಗಾರದಲ್ಲಿ ಅಲ್ಲ.

ಅಜ್ಜಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು. “ಅಯ್ಯ ಶಿವನ! ಒಂದ ಕೂಸಿಗೆ ಐದು ಮಂದಿ ಅಪ್ಪಗೋಳು! ಹಡದಾಕಿ ಏನಂತಾಳಬೇ?”

ಮಾಮಾ ನಗಲಿಲ್ಲ. “ಎರಡು ವರ್ಷ ಅಲ್ಲಿದ್ದು ಎರಡಕ್ಷರದ ಊರು ಗೊತ್ತಾಗಿಲ್ಲ ನಿನಗ. ಇನ್ನೂ ಮೂರು ವರ್ಷ ಹೋಗಿ ಏನ ಹುಡುಕತಿ? ಪಾಲಬಾವಿಯವರು ನಿನ್ನ ನೋಡಾಕ ಬರ್ತೀವಿ ಅಂದಾರ. ಅವರ ಏಳು ತಲಿಮಾರು ನನಗ ಬಾಯಿಪಾಠ ಐತಿ.”

ಗೊತ್ತಿಲ್ಲದ್ದನ್ನು ಹುಡುಕುವುದಕ್ಕೇ ಸಂಶೋಧನೆ ಎನ್ನುತ್ತಾರೆ ಎಂಬ ಉತ್ತರ ನನಗೆ ಹೊಳೆಯಿತು, ಮಾಮಾ ಉಂಡು ಕೈತೊಳೆದು ಹೊಲಕ್ಕೆ ಹೋದ ಮೇಲೆ. ನನ್ನ ಒಳ್ಳೆಯ ಉತ್ತರಗಳೆಲ್ಲ ಹೀಗೆ ಖಾಲಿ ಪಡಸಾಲೆಗೇ ಬರುತ್ತವೆ. ಬಂದಿದ್ದರೂ ಹೇಳುತ್ತಿದ್ದೆನೆಂಬ ಭರವಸೆಯೇನಿಲ್ಲ.

ಮರುದಿನ ಬೆಳಿಗ್ಗೆ ಚಹಾ ಮಾಮಾನ ಮುಂದಿಟ್ಟು, ಐವರಲ್ಲಿ ನಾನು ಅಷ್ಟೇನೂ ನಂಬದಿದ್ದ ಅಧ್ಯಕ್ಷರನ್ನೇ ಆರಿಸಿ, “ಮೂಲ ಊರು ಸಿಕ್ತು ಮಾಮಾ. ಅಧ್ಯಕ್ಷರ ಮನೆತನ,” ಎಂದೆ.

“ಖರೇನ? ಸಂಶಯ ಇಲ್ಲಲ್ಲ?”

“ಏನೂ ಇಲ್ಲ.”

“ಇದನ್ನ ನಿನ್ನೀನ ಹೇಳಾಕ ಏನಾಗಿತ್ತು ನಿನಗ? ತಾ, ನಿಮ್ಮಪ್ಪಗ ಒಂದು ಚೀಟಿ ಬರೀತೀನಿ.”

ಮೂರು ವರ್ಷ ಸತ್ಯ ಹುಡುಕಲು ಬೇಕಾದ ಅನುಮತಿಯನ್ನು ಒಂದು ಸುಳ್ಳಿನಿಂದ ಪಡೆದು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅವನು ಇನ್ನೇನಾದರೂ ಕೇಳುವ ಮೊದಲೇ ಅಥಣಿಯ ಬಸ್ಸು ಹತ್ತಿದೆ.