ದೈತ್ಯರಾಜನನ್ನು ಸಾಯಲು ಬಿಡದ ಮೆಮೊರಿ ಜೋಡಿಗೆ

ಮಾನ್ಯರೇ,

ತೈನಾನ್ ಊರಿನ ನಮ್ಮ ಮನೆಯ ಕಂಪ್ಯೂಟರಿನೊಳಗೆ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ ಬಿಜಯಂಗೈದಿರುವ, ತಲಾ ಹದಿನಾರು ಜಿಬಿ ಘನತೆಯುಳ್ಳ ತಮ್ಮಿಬ್ಬರಿಗೂ ಸಾಷ್ಟಾಂಗ ವಂದನೆಗಳು. ತಮ್ಮ ಚಿನ್ನದ ಹಲ್ಲುಗಳು ಕ್ಷೇಮವೆಂದು ನಂಬಿದ್ದೇನೆ. ನಾವು ಮಾತ್ರ ಕ್ಷೇಮವಾಗಿರಲಿಲ್ಲ; ಅದನ್ನು ಊರಿಗೇ ಕೇಳುವಂತೆ ಹೇಳಿಕೊಳ್ಳಲೆಂದೇ ಈ ಪತ್ರ.

ನನ್ನ ಅಣ್ಣ ಚುವಾಂಗ್ ಖುನ್-ಲಿಯಾಂಗ್ ಕೈಗೊಂಬೆ ಆಡಿಸುವವನು. ನಲವತ್ತು ವರ್ಷಗಳಿಂದ ರಾಜಕುಮಾರಿ, ಕುಡುಕ, ಸನ್ಯಾಸಿ, ದೈತ್ಯರಾಜ ಎಲ್ಲರಿಗೂ ತನ್ನೊಂದೇ ಗಂಟಲಿನಿಂದ ಮಾತು ಕೊಟ್ಟವನು. ಆ ಗಂಟಲಿನಲ್ಲಿ ಗಡ್ಡೆಯಾಗಿ, ಸೋಮವಾರದ ಶಸ್ತ್ರಚಿಕಿತ್ಸೆಯ ನಂತರ ದನಿ ಮರಳುವುದಿಲ್ಲವೆಂದು ವೈದ್ಯರು ಹೇಳಿದರು. ಅಷ್ಟರೊಳಗೆ ಹದಿನಾಲ್ಕು ಪಾತ್ರಗಳ ಮಾತನ್ನೂ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕಿತ್ತು. ನನಗೆ ಬೇಕಾದದ್ದು ಇಷ್ಟೇ ಇತ್ತು.

ತಮ್ಮ ಪೂರ್ವಜರಾದ ಎಂಟು ಜಿಬಿಯವರು ಎರಡು ಪಾತ್ರ ಕೇಳುವಷ್ಟರಲ್ಲೇ ಹೊಟ್ಟೆ ತುಂಬಿ ಮಲಗಿಬಿಡುತ್ತಿದ್ದರು. ನಾನು ಜಿಪುಣತನದಿಂದ ಅವರ ಪಕ್ಕಕ್ಕೆ ಒಬ್ಬ ಚುರುಕಿನವರನ್ನು ತಂದು ಕೂರಿಸಿದೆ. ಅವರು ಹಿರಿಯರ ಮೇಲಿನ ಗೌರವದಿಂದ ತಾವೂ ನಿಧಾನವಾದರು. ಕಂಪ್ಯೂಟರ್ ಅಂಗಡಿಯ ವೆಂಗ್ ನಕ್ಕರು. “ಅಕ್ಕಾ, ಕುಂಟೆತ್ತಿನ ಜೊತೆ ಗಟ್ಟಿ ಎತ್ತು ಕಟ್ಟಿದ್ರೆ ಎರಡೂ ಕುಂಟೆತ್ತಿನ ನಡಿಗೇಲೇ ಹೋಗ್ತವೆ. ತಗೊಳ್ಳೋದಾದ್ರೆ ಒಂದೇ ವೇಗದ ಜೋಡಿ ತಗೊಳ್ಳಿ, ಒಂದು ಕಿಂಡಿ ಬಿಟ್ಟು ಒಂದರಲ್ಲಿ ಕೂರ್ಸಿ” ಎಂದರು. ಹಾಗೆ ತಾವು ಬಂದಿರಿ.

ಯಂತ್ರ ಮಾತು ಕೇಳಲೆಂದು ನಮ್ಮಲ್ಲಿ ಆಸ್ಪತ್ರೆಯಿಂದ ಹಿಡಿದು ರೈಲು ನಿಲ್ದಾಣದವರೆಗೆ ಎಲ್ಲರೂ ಅದರ ತಲೆಯ ಮೇಲೆ, ಹೆಸರಲ್ಲೇ ‘ಜಾಣನಾಗಿರು’ ಎಂದಿರುವ, ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಡುತ್ತಾರೆ. ಹಸಿರೇ ಆಗಬೇಕು, ದಿನಾಂಕ ಮೀರಿರಬಾರದು, ತಿನ್ನುವುದಂತೂ ಮಹಾಪಾಪ. ನನಗೋ ಅವಸರ. ಅಪ್ಪಣೆ ಕೊಡುವವರು ಒಳಗೆ ಕುಳಿತಿರುವಾಗ ಛಾವಣಿಗೆ ನೈವೇದ್ಯ ಏಕೆಂದು, ಪೆಟ್ಟಿಗೆ ಬಿಚ್ಚಿ ತಮ್ಮ ಮಡಿಲಲ್ಲೇ ಮೂರು ಪೊಟ್ಟಣ ಇಟ್ಟು ಮುಚ್ಚಿದೆ.

ಆಮೇಲೆ ತಾವು ತೋರಿದ ಕೃಪೆಯನ್ನು ಹೇಗೆ ಬಣ್ಣಿಸಲಿ! ಫ್ಯಾನು ಊಳಿಟ್ಟಿತು, ಪೆಟ್ಟಿಗೆ ಅನ್ನ ಬೇಯಿಸುವಷ್ಟು ಕಾಯಿತು, ದೈತ್ಯರಾಜ ಪ್ರಾಣ ಬಿಡುವ ಮಾತಿಗೆ ಬಂದಾಗಲೆಲ್ಲ ಪರದೆ ಕಲ್ಲಾಯಿತು. ಶನಿವಾರ ಅವನು ಏಳು ಸಲ ಸತ್ತ, ಒಂದು ಸಲವೂ ದಾಖಲಾಗಲಿಲ್ಲ. ಸಲದಿಂದ ಸಲಕ್ಕೆ ಅಣ್ಣನ ದನಿ ಸವೆಯುತ್ತಿತ್ತು, ನನಗೆ ಅಳು ಬರುತ್ತಿತ್ತು. ಇನ್ನೂ ದೊಡ್ಡ ಮೆಮೊರಿ ತರಲು ನಾನು ಚಪ್ಪಲಿ ಮೆಟ್ಟಿದ್ದೆ. ತಾವು ಸ್ವಯಂನಿವೃತ್ತಿ ಪಡೆಯಬೇಕೆಂದು, ಇಲ್ಲವಾದರೆ ಸೋಮವಾರವನ್ನಾದರೂ ಮುಂದೂಡಬೇಕೆಂದು ಬೇಡಿಕೊಂಡೆ. ತಾವು ಎರಡನ್ನೂ ಮಾಡಲಿಲ್ಲ.

ಅಣ್ಣನೇ ಪೆಟ್ಟಿಗೆ ಬಿಚ್ಚಿದ. ಗಾಳಿಯ ದಾರಿಗೆ ಅಡ್ಡಲಾಗಿ ಉಬ್ಬಿ ಕುಳಿತಿದ್ದ ಮೂರು ಪೊಟ್ಟಣಗಳನ್ನು ಕಂಡು, ಒಡೆದ ದನಿಯಲ್ಲೇ, “ಏ ಯುನ್, ನೈವೇದ್ಯ ದೇವ್ರ ಮುಂದೆ ಇಡೋದು ಗೊತ್ತು, ಮೂಗಿಗೇ ತುರುಕ್ತಾರಾ ಮಾರಾಯ್ತಿ? ಪಾಪ, ಉಸಿರು ಎಲ್ಲಿಂದ ತಗೋಬೇಕು ಅದು?” ಎಂದ. ನಾನು ತಡೆಯುವಷ್ಟರಲ್ಲಿ ಒಂದನ್ನು ಹರಿದು ತಿನ್ನತೊಡಗಿದ. “ಸೋಮವಾರದ ಮೇಲೆ ನಂಗೆ ಗಂಜಿಯೇ ಗತಿ, ಬಿಡು” ಎಂದ.

ಪೆಟ್ಟಿಗೆ ತಣ್ಣಗಾದ ಮೇಲೆ ತಾವು ಹದಿನಾಲ್ಕು ಜನರನ್ನೂ ಒಂದೇ ಉಸಿರಿಗೆ ಹೊತ್ತಿರಿ. ತಮ್ಮ ತಪ್ಪು ಏನೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಮೂಗು ಕಟ್ಟಿದೆಯೆಂದು ಒಂದು ಸಲ ಕುಂಯ್ ಎನ್ನಲು ತಮಗೇನಾಗಿತ್ತು? ಆ ಏಳು ಸಾವುಗಳ ದನಿಯನ್ನು ನನ್ನಣ್ಣನ ಗಂಟಲಿಗೆ ಹಿಂದಿರುಗಿಸಬೇಕೆಂದು ವಿನಂತಿಸುತ್ತೇನೆ. ತುರ್ತೇನಿಲ್ಲ, ಚಿಕಿತ್ಸೆ ಮುಗಿದು ಹತ್ತು ದಿನವಾಯಿತು.

ಅರೆಬರೆ ವಿಶ್ವಾಸವಷ್ಟೇ ಉಳಿದಿದ್ದರೂ,
ತಮ್ಮ ವಿಶ್ವಾಸಿ,
ಚುವಾಂಗ್ ಶಿಯು-ಯುನ್

ತಾ.ಕ.: ಕರೆಂಟು ಹೋದರೆ ತಾವು ಸಕಲವನ್ನೂ ಮರೆಯುವಿರೆಂದೂ, ಉಳಿಸಿಕೊಳ್ಳುವುದು ಬೇರೆ ಇಲಾಖೆಯ ಕೆಲಸವೆಂದೂ ವೆಂಗ್ ಈಗ ಹೇಳುತ್ತಿದ್ದಾರೆ. ಇರಲಿ. ಆ ಇಲಾಖೆಗೆ ತಾವೇ ತಿಳಿಸಿ: ದೈತ್ಯರಾಜ ಕೊನೆಯುಸಿರೆಳೆಯುವಾಗ ಕರುಂ ಕರುಂ ಎಂದು ಏನನ್ನೋ ಅಗಿಯುವ ಸದ್ದು ಸೇರಿಕೊಂಡಿದೆ. ಅದನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ಅಣ್ಣ ಹಲಗೆಯ ಮೇಲೆ “ಮುಟ್ಟಿದ್ರೆ ಕೈ ಮುರೀತೀನಿ” ಎಂದು ಬರೆದು ತೋರಿಸಿದ್ದಾನೆ. ತಮಗೆ ಕೈಗಳಿಲ್ಲವೆಂಬ ಧೈರ್ಯ ಬೇಡ.