ಆ ಚಿತ್ರದ ಎದುರು ಹಿಡಿದ ಕೈ

ಆಗಸ್ಟ್ ತಿಂಗಳ ಎರಡನೆಯ ಶನಿವಾರ. ಆಧಾರ: ನಮ್ಮ ಅಡುಗೆಮನೆಯ ಕ್ಯಾಲೆಂಡರು, ಅದರಲ್ಲಿನ ಹಾಲಿನ ಗುರುತುಗಳೊಡನೆ ತಾಳೆ ನೋಡಿದ್ದೇನೆ. ಸಂಶೋಧಕ ನಿವೃತ್ತನಾದರೂ ಅವನ ಚಟ ನಿವೃತ್ತವಾಗುವುದಿಲ್ಲ. ಯಾರಾದರೂ ತಮ್ಮ ಮದುವೆಯ ದಿನ ಮಳೆ ಬಂದಿತ್ತೆಂದರೂ 'ದಾಖಲೆ ಇದೆಯೇ?' ಎಂದು ಕೇಳಿ ಸಂಬಂಧ ಕೆಡಿಸಿಕೊಂಡವನು ನಾನು.

ಅಂದು ತಮಿಳರ ನಡುವೆ ನೆಲೆಸಿದ ನಾವು ಕ್ರೋಂಪೇಟೆಯ ಹತ್ತಾರು ಕನ್ನಡಿಗರು ಎಲೆಕ್ಟ್ರಿಕ್ ರೈಲು ಹತ್ತಿ ವಸ್ತುಸಂಗ್ರಹಾಲಯಕ್ಕೆ ಹೊರಟಿದ್ದೆವು. ಹೆಣ್ಣಿನ ಕೈಯಲ್ಲಿ ಕುಂಚವನ್ನು ಕಲ್ಪಿಸಿಕೊಳ್ಳಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಚಿತ್ರ ಬರೆದೇ ಬದುಕಿದ ಕಲಾವಿದೆಯೊಬ್ಬರ ಕೃತಿಗಳ ಪ್ರದರ್ಶನವದು. ಎಲ್ಲರನ್ನೂ ಹುರಿದುಂಬಿಸಿ ಹೊರಡಿಸಿದವನು ನಾನೇ. ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸರೋಜಳ ಕೈಯನ್ನು ನಾಲ್ಕು ಜನರ ನಡುವೆ ಮೊದಲ ಬಾರಿ ಹಿಡಿದದ್ದು ಆ ಕಲಾವಿದೆಯ ಒಂದು ಚಿತ್ರದ ಎದುರಿಗೆ. ನಲವತ್ತು ವರ್ಷಗಳಿಂದ ಹೇಳುತ್ತ ಬಂದಿರುವ ಈ ಕಥೆ ನನ್ನ ದಾಂಪತ್ಯದ ಏಕೈಕ ರಸಿಕ ಪ್ರಸಂಗ; ಇದು ಕೈತಪ್ಪಿದರೆ ಬೇರೆ ದಾಸ್ತಾನಿಲ್ಲ.

ರೈಲ್ವೆಯಿಂದ ನಿವೃತ್ತರಾದ ಶ್ರೀಪಾದರಾಯರು ಎದುರಿಗೆ ಕೂತಿದ್ದರು. "ಇದೇ ಲೈನಲ್ಲಿ ನಮ್ಮಪ್ಪ ಉಗಿ ಎಂಜಿನ್ ಓಡ್ಸಿದ್ರು ಸಾರ್," ಎಂದರು. ನಾನು ಅಭ್ಯಾಸಬಲದಿಂದ, "ದಾಖಲೆ?" ಎಂದೆ. ಅವರು ಗಿಂಡಿ ಸ್ಟೇಷನ್ ಬರುವವರೆಗೂ ಕಿಟಕಿಯ ಹೊರಗೆ ನೋಡಿದರು.

ಸಂಗ್ರಹಾಲಯದಲ್ಲಿ ಆ ಚಿತ್ರ ಕಂಡದ್ದೇ ನನ್ನ ನಡಿಗೆ ಓಟವಾಯಿತು. ಕೆಲಸ ಮುಗಿಸಿದ ಹೆಂಗಸೊಬ್ಬಳು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ಸಂಜೆಯ ಬೆಳಕೆಲ್ಲ ಅವಳ ಒಡೆದ ಹಿಮ್ಮಡಿಯ ಮೇಲಿದೆ.

"ಈ ಹಿಮ್ಮಡಿ ಗಂಡಸರ ಕಣ್ಣಿಗೆ ಬೀಳ್ತಿರ್ಲಿಲ್ಲ ಬಿಡಿ," ಎಂದಳು ಸರೋಜ. "ಮುಖದಲ್ಲೇ ನಿಂತುಬಿಡೋರು."

ನಾನು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಅವಳ ಕೈ ಹಿಡಿದು, ಪ್ರಾತ್ಯಕ್ಷಿಕೆ ಸಮೇತ ಕಥೆ ಹೇಳಿ ಮುಗಿಸಿದೆ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ರಾಯರು ಮಾತ್ರ ಚಿತ್ರದ ಪಕ್ಕದ ಫಲಕಕ್ಕೆ ಮೂಗು ತಾಗಿಸಿ ನಿಂತಿದ್ದರು.

"ಸಾರ್, ಕೊಂಜ ಇಲ್ಲಿ ನೋಡಿ. ಈ ಚಿತ್ರ ಇಷ್ಟ್ ದಿನ ಆಯಮ್ಮನ ಮನೇಲೇ ಇತ್ತಂತೆ. ಹೋದ ವರ್ಷ ಮನೆಯೋರು ಕೊಟ್ಟಿದ್ದು. ಜನಕ್ಕೆ ತೋರ್ಸ್ತಿರೋದು ಇದೇ ಮೊದಲಂತೆ." ಆಮೇಲೆ ಬಲು ವಿನಯದಿಂದ ಕೇಳಿದರು: "ನಿಮ್ ಹತ್ರ ದಾಖಲೆ ಏನಾದ್ರೂ?"

ಸರೋಜ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದಳು. "ಅಲ್ಲಾ ರೀ, ನೀವು ಹೇಳ್ದಾಗೆಲ್ಲ ನಾನೂ ಹೌದು ಹೌದು ಅಂತ ತಲೆ ಆಡಿಸ್ದೆ. ಯಾರ ಕೈ ಅದು?"

ಫಲಕವನ್ನು ಮತ್ತೆ ಮತ್ತೆ ಓದಿದೆ. ಸಂಶೋಧಕನಾಗಿ ಅದನ್ನು ಒಪ್ಪಲೇಬೇಕು. ಗಂಡನಾಗಿ ಒಪ್ಪುವಂತಿಲ್ಲ. ಆದ್ದರಿಂದ ಹಿಂದಿರುಗುವ ರೈಲಿನಲ್ಲಿ, ಲಿಖಿತ ದಾಖಲೆಗಳನ್ನು ಏಕೆ ಪೂರ್ತಿ ನಂಬಬಾರದೆಂದು ಸರೋಜಳಿಗೆ ಕ್ರೋಂಪೇಟೆಯವರೆಗೂ ವಿವರಿಸಿದೆ. ರಾಯರ ತಂದೆಯ ಎಂಜಿನ್ನನ್ನೂ, ಯಾವ ದಾಖಲೆಯನ್ನೂ ಕೇಳದೆ, ಅದೇ ಉಸಿರಿನಲ್ಲಿ ಒಪ್ಪಿಕೊಂಡೆ.